ಪಿಯು ಗಣಿತ ಹಿಡಿದ ಮಗಳಿಗೆ ದೊಡ್ಡಪ್ಪನ ಪತ್ರ

ಚಿಕ್ಕಬಳ್ಳಾಪುರ

ಚಿ. ಪುಟ್ಟಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಿಮ್ಮ ಗಣಿತದ ಲೆಕ್ಚರರ್ ಕೊಟ್ಟಿರುವ ನಿಯಮಗಳ ಹಾಳೆಯ ಫೋಟೊ ನಿಮ್ಮಪ್ಪ ಕಳಿಸಿದ. ಕ್ಯಾಲ್ಕುಲೇಟರ್ ತರುವಂತಿಲ್ಲ, ಹಂತ ಬಿಟ್ಟು ಉತ್ತರ ಬರೆದರೆ ಅಂಕ ಇಲ್ಲ, ಅವತ್ತಿನ ಹೋಮ್‌ವರ್ಕ್ ಮರುದಿನ ಬೆಳಿಗ್ಗೆ ಮೇಜಿನ ಮೇಲಿರಬೇಕು, ಕ್ಲಾಸ್ ತಪ್ಪಿದರೆ ಎರಡು ದಿನದೊಳಗೆ ನೋಟ್ಸ್ ತುಂಬಿಸಿ ತೋರಿಸಬೇಕು. ನೀನು ಹೆದರಿದ್ದೀಯಂತೆ. ಆ ಹಾಳೆಯನ್ನು ಇನ್ನೊಮ್ಮೆ ನಿಧಾನವಾಗಿ ಓದು. ಅದರಲ್ಲಿರುವ ಒಂದೊಂದು ನಿಯಮವೂ ತ್ರಿಕೋನಮಿತಿಯಲ್ಲಿ ಮಕ್ಕಳು ಎಲ್ಲಿ ಎಡವುತ್ತಾರೋ ಸರಿಯಾಗಿ ಅದೇ ಜಾಗದಲ್ಲಿ ನಿಂತಿದೆ. ಬರೆದವರು ಈ ಪಾಠವನ್ನು ಬಹಳ ಸಲ ಮಾಡಿದವರು ಅನ್ನುವುದು ಓದಿದರೇ ತಿಳಿಯುತ್ತದೆ.

ಎಸ್ಸೆಸ್ಸೆಲ್ಸಿಯಲ್ಲಿ ನೀನು ಓದಿದ ತ್ರಿಕೋನಮಿತಿ ಲಂಬಕೋನ ತ್ರಿಕೋನದೊಳಗೇ ಇತ್ತು. ಅಭಿಮುಖ ಬಾಹು, ಪಾರ್ಶ್ವ ಬಾಹು, ವಿಕರ್ಣ. ಕೋನ 0 ಡಿಗ್ರಿಯಿಂದ 90ರವರೆಗೆ. ಉತ್ತರ ಯಾವತ್ತೂ ಋಣವಾಗುತ್ತಿರಲಿಲ್ಲ. ಪಿಯುನಲ್ಲಿ ಮೊದಲ ವಾರವೇ ಕೋನ ತ್ರಿಕೋನದಿಂದ ಹೊರಗೆ ಬಂದು ವೃತ್ತದ ಮೇಲೆ ಸುತ್ತತೊಡಗುತ್ತದೆ. 210 ಡಿಗ್ರಿ, 1290 ಡಿಗ್ರಿ, ಮೈನಸ್ 45 ಡಿಗ್ರಿ ಎಲ್ಲವೂ ಕೋನಗಳೇ. ಒಂದು ಮಾನ ತ್ರಿಜ್ಯದ ವೃತ್ತದ ಮೇಲೆ ಬಿಂದು ಎಲ್ಲಿ ನಿಂತಿದೆ ಎಂಬುದಷ್ಟೇ ಪ್ರಶ್ನೆ. ಆ ಬಿಂದುವಿನ ಅಡ್ಡ ನಿರ್ದೇಶಾಂಕ ಕಾಸ್, ಎತ್ತರದ ನಿರ್ದೇಶಾಂಕ ಸೈನ್. ಈ ದಾಟುವಿಕೆ ನಡೆಯುವುದು ಎರಡು ಮೂರು ಪೀರಿಯಡ್‌ನಲ್ಲಿ. ಅದನ್ನು ತಪ್ಪಿಸಿಕೊಂಡವರು ಮುಂದಿನ ಸೂತ್ರಗಳನ್ನೆಲ್ಲ ಉರು ಹೊಡೆಯಬೇಕಾಗುತ್ತದೆ, ಯಾಕೆಂದರೆ ಅವು ಎಲ್ಲಿಂದ ಬಂದವು ಅನ್ನುವುದು ಅವರಿಗೆ ಕಾಣುವುದಿಲ್ಲ.

ಹಾಜರಾತಿಯ ಮಾತು ಬಂದದ್ದು ಇದಕ್ಕೇ. ಶೇಕಡಾ 75 ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂಬುದು ನಿನಗೂ ಗೊತ್ತು. ಆದರೆ ಆ 75 ನಿನ್ನನ್ನು ಕಾಪಾಡುವುದಿಲ್ಲ. ವರ್ಷಕ್ಕೆ 120 ಪೀರಿಯಡ್ ಗಣಿತ ನಡೆಯಿತು ಅಂದುಕೋ. 30 ತಪ್ಪಿಸಿದರೂ ಲೆಕ್ಕಕ್ಕೆ 75 ಉಳಿಯುತ್ತದೆ. ಆ ಮೂವತ್ತು ಅಲ್ಲೊಂದು ಇಲ್ಲೊಂದು ಬಿದ್ದರೆ ಹೇಗೋ ತುಂಬಿಸಿಕೊಳ್ಳಬಹುದು. ಒಂದೇ ಕಡೆ ಬಿದ್ದರೆ ಇಡೀ ತ್ರಿಕೋನಮಿತಿ ಅದರೊಳಗೆ ಮುಗಿದುಹೋಗಿರುತ್ತದೆ. ನಿಮ್ಮ ಮನೆಯಲ್ಲಿ ರೇಷ್ಮೆಹುಳು ನಾಲ್ಕನೇ ಜ್ವರ ದಾಟಿ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟು, ಎದ್ದ ಮೇಲೆ ಸೊಪ್ಪಿಗೆ, ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ ಬಿದಿರಿನ ಚಂದ್ರಿಕೆಗೆ ಬಿಡುವುದಕ್ಕೆ ಎಷ್ಟು ಕೈ ಇದ್ದರೂ ಸಾಲದು ಅನ್ನುವುದು ನನಗೆ ತಿಳಿಯದ್ದಲ್ಲ. ಆ ಕೆಲಸಕ್ಕೆ ನಿನ್ನನ್ನು ನಿಲ್ಲಿಸಿಕೊಳ್ಳಲೇಬೇಕಾದರೆ ನಿಮ್ಮಪ್ಪನಿಗೆ ಮೊದಲೇ ಹೇಳಿಡು: ಯಾವ ವಾರ ಬೇಕಾದರೂ ಆಗಲಿ, ತ್ರಿಕೋನಮಿತಿಯ ಮೊದಲ ವಾರ ಬೇಡ. ನಾನೂ ಹೇಳುತ್ತೇನೆ. ತಪ್ಪಿದ ದಿನದ ನೋಟ್ಸನ್ನು ಗೆಳತಿಯ ಪುಸ್ತಕದಿಂದ ಫೋಟೊ ಹೊಡೆದುಕೊಂಡು ಸುಮ್ಮನಾಗಬೇಡ. ಕೈಯಲ್ಲೇ ಬರೆದುಕೊ; ಬರೆಯುವಾಗ ಅರ್ಥವಾಗದ ಸಾಲಿನ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಗುರುತು ಹಾಕಿಕೊಂಡು ಸ್ಟಾಫ್ ರೂಮಿಗೆ ಹೋಗು. “ಸರ್, ನಿನ್ನೆಯ ಪಾಠ ಹೇಳಿಕೊಡಿ” ಅಂದರೆ ಯಾರಿಗೂ ಆಗುವುದಿಲ್ಲ. “ಈ ಸಾಲಿನಲ್ಲಿ ಮೈನಸ್ ಎಲ್ಲಿಂದ ಬಂತು” ಅಂದರೆ ಎರಡು ನಿಮಿಷದ ಕೆಲಸ.

ಈಗ ಲೆಕ್ಕಕ್ಕೆ ಬರೋಣ.

ಡಿಗ್ರಿಯಂತೆ ಕೋನ ಅಳೆಯುವ ಇನ್ನೊಂದು ಮಾನವಾದ ರೇಡಿಯನ್ನಿಗೆ ಹೆಚ್ಚು ಹೊತ್ತು ಬೇಕಿಲ್ಲ. 180 ಡಿಗ್ರಿ ಅಂದರೆ ಪೈ ರೇಡಿಯನ್, ಅಷ್ಟೇ ಹಿಡಿದುಕೋ. ಎಲ್ಲರೂ ತಪ್ಪುವುದು ಎರಡು ಕಡೆ. 22 ಡಿಗ್ರಿ 30 ಮಿನಿಟನ್ನು 22.30 ಎಂದು ಬರೆಯುತ್ತಾರೆ. ಡಿಗ್ರಿಗೆ 60 ಮಿನಿಟು, ಆದ್ದರಿಂದ ಅದು 22.5, ರೇಡಿಯನ್ನಿನಲ್ಲಿ ಪೈ/8. ಇನ್ನೊಂದು, ಡಿಗ್ರಿಯ ಸೊನ್ನೆ ಗುರುತು ಹಾಕದೆ ಬರಿಯ ‘ಸೈನ್ 30’ ಎಂದು ಬರೆಯುವುದು. ಗುರುತಿಲ್ಲದ ಕೋನ ರೇಡಿಯನ್ ಎಂದೇ ಲೆಕ್ಕ. 30 ರೇಡಿಯನ್ನಿನ ಸೈನ್ ಸುಮಾರು −0.988, ನೀನು ಅಂದುಕೊಂಡ ಅರ್ಧ ಅಲ್ಲ. ಫೋನಿನ ಕ್ಯಾಲ್ಕುಲೇಟರ್ ರೇಡಿಯನ್ ಮೋಡಿನಲ್ಲಿದ್ದರೆ ಮಕ್ಕಳು ಇದೇ ಉತ್ತರವನ್ನು ಕಣ್ಣುಮುಚ್ಚಿ ಬರೆದುಕೊಂಡು ಬರುತ್ತಾರೆ. ಕ್ಲಾಸಿನಲ್ಲಿ ಕ್ಯಾಲ್ಕುಲೇಟರ್ ಬೇಡ ಎನ್ನುವುದಕ್ಕೆ ಇದೊಂದೇ ಕಾರಣ ಸಾಕು. ಪಿಯು ಪರೀಕ್ಷೆಯಲ್ಲೂ ಅದಕ್ಕೆ ಪ್ರವೇಶ ಇಲ್ಲ, ಇಂಜಿನಿಯರಿಂಗ್ ಸೀಟಿಗೆ ಬರೆಯುವ ಸಿಇಟಿಯಲ್ಲೂ ಇಲ್ಲ. ಸಿಇಟಿಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ. ಒಂದಕ್ಕೆ ಸಿಗುವುದು ಒಂದು ನಿಮಿಷ ಇಪ್ಪತ್ತು ಸೆಕೆಂಡು. ಸೈನ್, ಕಾಸ್, ಟ್ಯಾನ್ ಬೆಲೆಗಳ ಕೋಷ್ಟಕ ನಾಲಿಗೆಯ ತುದಿಯಲ್ಲಿರಬೇಕು. ಅದನ್ನೂ ಉರು ಹೊಡೆಯಬೇಡ: ಪ್ರತಿ ಬಾಹು 2 ಇರುವ ಸಮಬಾಹು ತ್ರಿಕೋನವನ್ನು ನಡುವೆ ಸೀಳಿದರೆ 1, √3, 2 ಸಿಗುತ್ತದೆ, ಅದರಲ್ಲೇ 30 ಮತ್ತು 60 ಡಿಗ್ರಿಯ ಎಲ್ಲ ಬೆಲೆಗಳೂ ಇವೆ. ಬಾಹು 1 ಇರುವ ಚೌಕವನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿದರೆ 45 ಡಿಗ್ರಿ.

ಕೋನದ ವಿಷಯದಲ್ಲಿ ಇಷ್ಟೊಂದು ಜಾಗ್ರತೆ ಯಾಕೆ ಅನ್ನಿಸಿದರೆ ನಂದಿಬೆಟ್ಟ ನೋಡು. ಅದರ ಎತ್ತರ ಸಮುದ್ರಮಟ್ಟದಿಂದ 1,478 ಮೀಟರ್. ನೀನು ನಿಂತ ಬಯಲಿಗಿಂತ ತುದಿ 560 ಮೀಟರ್ ಮೇಲಿದೆ, ಉನ್ನತ ಕೋನ 5 ಡಿಗ್ರಿ ಅಂದುಕೊಂಡರೆ, 560ನ್ನು ಟ್ಯಾನ್ 5° ಬೆಲೆಯಾದ 0.0875ರಿಂದ ಭಾಗಿಸಬೇಕು, ದೂರ 6,400 ಮೀಟರ್. ಕೋನವನ್ನು 4 ಡಿಗ್ರಿ ಎಂದು ಓದಿಬಿಟ್ಟರೆ ಅದೇ ದೂರ 8,000 ಮೀಟರ್ ಆಗುತ್ತದೆ. ಒಂದೇ ಒಂದು ಡಿಗ್ರಿ ಹೆಚ್ಚುಕಡಿಮೆಗೆ ಒಂದೂವರೆ ಕಿಲೋಮೀಟರಿಗಿಂತ ಹೆಚ್ಚು ವ್ಯತ್ಯಾಸ. ಸಣ್ಣ ಕೋನಗಳ ಗುಣವೇ ಅದು.

ಎಲ್ಲಕ್ಕಿಂತ ಹೆಚ್ಚು ಅಂಕ ಹೋಗುವುದು ಚಿಹ್ನೆಯಲ್ಲಿ. ಒಂದು ಲೆಕ್ಕ ಪೂರ್ತಿ ಮಾಡಿ ತೋರಿಸುತ್ತೇನೆ, ಪೆನ್ನು ಹಿಡಿದುಕೊಂಡು ಓದು. ಸೈನ್ ಎಕ್ಸ್ = 3/5, ಎಕ್ಸ್ ಎರಡನೇ ಕ್ವಾಡ್ರಂಟ್‌ನಲ್ಲಿದೆ, ಟ್ಯಾನ್ ಎಕ್ಸ್/2 ಎಷ್ಟು? (ಕ್ವಾಡ್ರಂಟ್ ಅಂದರೆ ವೃತ್ತದ ಕಾಲುಭಾಗ; ಎರಡನೆಯದು 90ರಿಂದ 180 ಡಿಗ್ರಿ.) 3, 4, 5 ಕಂಡ ತಕ್ಷಣ ಕೈ ತಾನಾಗಿ ಕಾಸ್ ಎಕ್ಸ್ = 4/5 ಎಂದು ಬರೆಯುತ್ತದೆ. ಅದು ಹಳೆಯ ತ್ರಿಕೋನದ ಅಭ್ಯಾಸ. ಎರಡನೇ ಕ್ವಾಡ್ರಂಟ್‌ನಲ್ಲಿ ಬಿಂದು ಎಡಗಡೆಗೆ ಇರುವುದರಿಂದ ಕಾಸ್ ಎಕ್ಸ್ = −4/5. ಈಗ ಎಕ್ಸ್ 90ಕ್ಕೂ 180ಕ್ಕೂ ನಡುವೆ ಇದ್ದರೆ ಅದರ ಅರ್ಧ 45ಕ್ಕೂ 90ಕ್ಕೂ ನಡುವೆ, ಅಂದರೆ ಮೊದಲ ಕ್ವಾಡ್ರಂಟ್. ಅಲ್ಲಿ ಎಲ್ಲವೂ ಧನ. ಸೈನ್ ಎಕ್ಸ್/2ರ ವರ್ಗ (1 − ಕಾಸ್ ಎಕ್ಸ್)/2 = (1 + 4/5)/2 = 9/10. ಕಾಸ್ ಎಕ್ಸ್/2ರ ವರ್ಗ (1 + ಕಾಸ್ ಎಕ್ಸ್)/2 = (1 − 4/5)/2 = 1/10. ಸೈನ್ 3/√10, ಕಾಸ್ 1/√10, ಟ್ಯಾನ್ 3. ಮೊದಲ ಸಾಲಿನಲ್ಲಿ ಆ ಒಂದು ಮೈನಸ್ ಬಿಟ್ಟವರಿಗೆ ಬರುವ ಉತ್ತರ 1/3. ಸರಿಯುತ್ತರ ತಲೆಕೆಳಗಾಗಿ ನಿಂತಿದೆ, ಆದರೂ ನೋಡುವುದಕ್ಕೆ ಅಚ್ಚುಕಟ್ಟಾಗಿಯೇ ಇರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಅನುಮಾನ ಪಡುವ ದಾರಿ ಒಂದಿದೆ. 45ಕ್ಕೂ 90ಕ್ಕೂ ನಡುವಿನ ಕೋನದ ಟ್ಯಾನ್ 1ಕ್ಕಿಂತ ದೊಡ್ಡದಿರಲೇಬೇಕು. 1/3 ಬಂದರೆ ಹಿಂದೆ ಎಲ್ಲೋ ತಪ್ಪಿದೆ. ಹಂತ ಬಿಡಬೇಡ ಎಂದು ನಿಮ್ಮ ಸರ್ ಹೇಳುವುದು ಅಂಕ ಕತ್ತರಿಸುವ ಆಸೆಯಿಂದಲ್ಲ. ಹಂತ ಬರೆದಿದ್ದರೆ ತಪ್ಪಿದ್ದು ಚಿಹ್ನೆಯಲ್ಲಿ ಮಾತ್ರ ಎಂದು ಮೌಲ್ಯಮಾಪಕರಿಗೆ ಕಾಣುತ್ತದೆ, ಉಳಿದ ಹಂತಗಳ ಅಂಕ ಸಿಗುತ್ತದೆ. ಬರಿಯ 1/3 ಬರೆದವಳಿಗೆ ಏನು ಕೊಡುತ್ತಾರೆ?

ಅದಕ್ಕೇ ಪ್ರತಿ ಲೆಕ್ಕದ ಪಕ್ಕದಲ್ಲೂ ಒಂದು ಪುಟ್ಟ ವೃತ್ತ ಬರೆದು ಕೋನ ಯಾವ ಕಡೆ ಬಿತ್ತು ಅಂತ ಚುಕ್ಕೆ ಇಡು. ದೊಡ್ಡ ಕೋನ ಬಂದರೆ ಮೊದಲು 360ರ ಸುತ್ತುಗಳನ್ನು ಕಳೆ. ಸೈನ್ 1290° ಅಂದರೆ ಮೂರು ಸುತ್ತು 1080 ಹೋಗಿ 210 ಉಳಿಯಿತು. ಅದು 180 + 30, ಮೂರನೇ ಕ್ವಾಡ್ರಂಟ್, ಉತ್ತರ −1/2. ಹೀಗೆ ಕೋನವನ್ನು ಒಡೆದು ಬರೆಯುವಾಗ 90 ಅಥವಾ 270ಕ್ಕೆ ಕೂಡಿಸಿ ಇಲ್ಲವೇ ಅದರಿಂದ ಕಳೆದು ಬರೆದರೆ ಸೈನ್ ಕಾಸ್ ಆಗುತ್ತದೆ, 180 ಅಥವಾ 360 ಇಟ್ಟುಕೊಂಡು ಬರೆದರೆ ಹಾಗೇ ಇರುತ್ತದೆ. ಚಿಹ್ನೆಯನ್ನು ಮಾತ್ರ ಪ್ರಶ್ನೆಯಲ್ಲಿದ್ದ ಮೂಲ ಫಂಕ್ಷನ್ನಿಗೆ ನೋಡಬೇಕು, ಬದಲಾದದ್ದಕ್ಕೆ ಅಲ್ಲ. ಇಲ್ಲಿ ತಪ್ಪುವವರು ಬಹಳ.

ಸೂತ್ರಗಳು ಇಪ್ಪತ್ತಕ್ಕಿಂತ ಹೆಚ್ಚಿವೆ. ಗೋಡೆಗೆ ಚಾರ್ಟ್ ಅಂಟಿಸಿಕೊಂಡು ಕೂರುವ ಬದಲು ಕಾಸ್(ಎಕ್ಸ್ + ವೈ) ಒಂದನ್ನು ಸಾಧನೆ (ಪ್ರೂಫ್) ಸಮೇತ ಕಲಿ. ಪ್ರಥಮ ಪಿಯು ಪ್ರಶ್ನೆಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿರುವ ಸಾಧನೆ ಅದು. ವೃತ್ತದ ಮೇಲೆ ನಾಲ್ಕು ಬಿಂದು: ಎಕ್ಸ್ ಕೋನದಲ್ಲಿ ಒಂದು, ಎಕ್ಸ್ + ವೈನಲ್ಲಿ ಒಂದು, −ವೈನಲ್ಲಿ ಒಂದು, ನಾಲ್ಕನೆಯದು (1, 0). ಎಕ್ಸ್‌ನಿಂದ −ವೈಗೆ ಇರುವ ದೂರವೂ ಎಕ್ಸ್ + ವೈನಿಂದ (1, 0)ಗೆ ಇರುವ ದೂರವೂ ಒಂದೇ, ಏಕೆಂದರೆ ಎರಡೂ ಕಡೆ ಕೇಂದ್ರದಲ್ಲಿರುವ ಕೋನ ಒಂದೇ. ದೂರದ ಸೂತ್ರ ಹಾಕಿ ವರ್ಗ ಬಿಡಿಸಿದರೆ ಮುಗಿಯಿತು. ಮೂರನೇ ಬಿಂದುವಿನ ಎತ್ತರ −ಸೈನ್ ವೈ ಎಂಬುದನ್ನು ಮರೆತರೆ ಕೊನೆಯಲ್ಲಿ ಮೈನಸ್ ಬದಲು ಪ್ಲಸ್ ಬಂದು ಕೂರುತ್ತದೆ. ಇದಾದ ಮೇಲೆ ವೈ ಬದಲು −ವೈ ಹಾಕಿದರೆ ಕಾಸ್(ಎಕ್ಸ್ − ವೈ). ಎಕ್ಸ್ ಜಾಗಕ್ಕೆ 90 − ಎಕ್ಸ್ ಹಾಕಿದರೆ ಸೈನಿನದು. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಟ್ಯಾನ್. ಎರಡೂ ಕೋನ ಒಂದೇ ಮಾಡಿದರೆ 2ಎಕ್ಸ್ ಸೂತ್ರಗಳು. ಪ್ರಶ್ನೆಯ ಕೊನೆಯಲ್ಲಿ ‘ಹೆನ್ಸ್’, ಅಂದರೆ ‘ಇದರಿಂದ’, ಎಂದು ಇನ್ನೊಂದು ಭಾಗ ಇದ್ದರೆ ಮೊದಲು ಸಾಧಿಸಿದ್ದನ್ನೇ ಬಳಸಿ ಮಾಡು. ಬೇರೆ ದಾರಿಯಲ್ಲಿ ಮಾಡಿದರೆ ಅಂಕ ಹೋಗುತ್ತದೆ.

ಪರೀಕ್ಷೆಯ ನಡುವೆ ಸೂತ್ರದ ಮೇಲೆ ಅನುಮಾನ ಬಂದರೆ ಗೊತ್ತಿರುವ ಕೋನ ಹಾಕಿ ನೋಡು. ಕಾಸ್ ಸಿ − ಕಾಸ್ ಡಿ ಸೂತ್ರದ ಬಲಗಡೆ 2 ಸೈನ್ (ಸಿ + ಡಿ)/2 ಸೈನ್ (ಸಿ − ಡಿ)/2 ಬರುತ್ತದೆ; ಅದರ ಮುಂದೆ ಮೈನಸ್ ಇದೆಯೋ ಇಲ್ಲವೋ? ಸಿ 60, ಡಿ 0 ಹಾಕು. ಎಡಗಡೆ ½ − 1 = −½. ಬಲಗಡೆ 2 ಸೈನ್ 30° ಸೈನ್ 30° = ½. ಹಾಗಾದರೆ ಮೈನಸ್ ಇದೆ. ಹತ್ತು ಸೆಕೆಂಡಿನ ಕೆಲಸ.

ಸಮೀಕರಣ ಬಿಡಿಸುವಾಗ ಎರಡೂ ಕಡೆ ಸೈನ್ ಎಕ್ಸ್ ಇದೆ ಎಂದು ಹೊಡೆದುಹಾಕಬೇಡ. 2 ಸೈನ್ ಎಕ್ಸ್ ಕಾಸ್ ಎಕ್ಸ್ = ಸೈನ್ ಎಕ್ಸ್ ಎಂದಿದ್ದರೆ, ಹೊಡೆದುಹಾಕಿದವರಿಗೆ 60 ಮತ್ತು 300 ಡಿಗ್ರಿ ಸಿಗುತ್ತದೆ, 0 ಮತ್ತು 180 ಕಳೆದುಹೋಗುತ್ತದೆ. ಸೊನ್ನೆಯಾಗಬಹುದಾದ ಪದದಿಂದ ಭಾಗಿಸಬಾರದು. ಎಲ್ಲವನ್ನೂ ಒಂದೇ ಕಡೆಗೆ ತಂದು ಅಪವರ್ತಿಸು. ಯಾವ ಕೋನ ಹಾಕಿದರೂ ನಿಜವಾಗುವ ನಿತ್ಯಸಮೀಕರಣ ಸಾಧಿಸುವಾಗಲೂ ಹೀಗೇ ಒಂದು ಶಿಸ್ತು ಬೇಕು. ಒಂದೇ ಬದಿಯಿಂದ ಶುರು ಮಾಡಿ ಇನ್ನೊಂದನ್ನು ಮುಟ್ಟು. ಸಾಧಿಸಬೇಕಾದ್ದನ್ನೇ ಮೊದಲ ಸಾಲಿನಲ್ಲಿ ನಿಜವೆಂದು ಬರೆದುಕೊಂಡು ಅತ್ತಿಂದಿತ್ತ ಸಾಗಿಸಿದರೆ ಅದು ಸಾಧನೆ ಆಗುವುದಿಲ್ಲ.

ಹೋಮ್‌ವರ್ಕ್ ವಿಷಯಕ್ಕೆ ನಾನು ನಿಮ್ಮ ಸರ್‌ಗಿಂತ ಬಿಗಿ. ಫೋಟೊ ಹೊಡೆದರೆ ಉತ್ತರ ಹೇಳುವ ಆ್ಯಪ್‌ಗಳು ನಿನ್ನ ಫೋನಿನಲ್ಲೂ ಇರಬಹುದು. ಲೆಕ್ಕವನ್ನು ಕನಿಷ್ಠ ಹದಿನೈದು ನಿಮಿಷ ಒದ್ದಾಡದೆ ಅದನ್ನು ತೆರೆಯಬೇಡ. ಗೆಳತಿಯರ ಜೊತೆ ಕೂತು ಚರ್ಚೆ ಮಾಡು, ತಪ್ಪೇನಿಲ್ಲ. ಆಮೇಲೆ ಪುಸ್ತಕ ಮುಚ್ಚಿ ಒಬ್ಬಳೇ ಬರೆ. ಒಬ್ಬಳೇ ಬರೆಯಲಾಗದ ಲೆಕ್ಕ ನಿನಗೆ ಬಂದ ಲೆಕ್ಕವಲ್ಲ. ಗಣಿತಕ್ಕೆ ಈಗ 80 ಅಂಕ ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಕಿರುಪರೀಕ್ಷೆ, ಅಸೈನ್‌ಮೆಂಟ್‌ಗಳನ್ನು ಹೇಗೆ ಎಣಿಸುತ್ತಾರೆ ಎಂಬುದನ್ನು ನೋಟಿಸ್ ಬೋರ್ಡ್ ನೋಡಿ ಡೈರಿಯಲ್ಲಿ ಬರೆದಿಟ್ಟುಕೋ. ಆ 20ನ್ನು ನಂಬಿ 80ನ್ನು ಸಡಿಲ ಬಿಟ್ಟವರು ಮಾರ್ಚಿನಲ್ಲಿ ಪರದಾಡುತ್ತಾರೆ. ಕಿರುಪರೀಕ್ಷೆಯ ಪತ್ರಿಕೆ ವಾಪಸ್ ಬಂದ ದಿನ ಅಂಕ ನೋಡಿ ಮಡಿಚಿಡಬೇಡ. ತಪ್ಪಿದ ಪ್ರತಿ ಲೆಕ್ಕವನ್ನೂ ಅವತ್ತೇ ರಾತ್ರಿ ಮತ್ತೆ ಮಾಡಿ, ತಪ್ಪು ಯಾವುದು ಎಂದು ಪಕ್ಕದಲ್ಲಿ ಬರೆ: ಚಿಹ್ನೆಯೋ, ಸೂತ್ರವೋ, ಕೂಡಿ ಕಳೆಯುವುದೋ. ಎರಡು ಕಿರುಪರೀಕ್ಷೆ ಮುಗಿಯುವ ಹೊತ್ತಿಗೆ ನಿನ್ನ ತಪ್ಪು ಯಾವ ಜಾತಿಯದು ಅಂತ ನಿನಗೇ ಗೊತ್ತಾಗುತ್ತದೆ.

ಕನ್ನಡ ಮೀಡಿಯಂನಿಂದ ಬಂದವಳು, ಇಂಗ್ಲಿಷಿನಲ್ಲಿ ಹೇಳಿದ್ದು ತಲೆಗೆ ಹೋಗುವುದಿಲ್ಲ ಎಂಬ ಅಂಜಿಕೆ ನಿನಗಿದೆ. ಗಣಿತದಲ್ಲಿ ಅದು ಒಂದು ತಿಂಗಳ ತೊಂದರೆ, ಅದಕ್ಕಿಂತ ಹೆಚ್ಚಿಲ್ಲ. ನೋಟ್ಸಿನ ಹಿಂದಿನ ಪುಟದಲ್ಲಿ ಹೊಸ ಪದಗಳನ್ನು ಎರಡೂ ಭಾಷೆಯಲ್ಲಿ ಬರೆದುಕೊಳ್ಳುತ್ತಾ ಹೋಗು; ಕ್ಲಾಸಿನಲ್ಲಿ ಕನ್ನಡದಲ್ಲೇ ಪ್ರಶ್ನೆ ಕೇಳು. ಕೇಳದೆ ಕೂತರೆ ಮಾತ್ರ ನಷ್ಟ.

ಬಸ್ಸಿನಲ್ಲಿ ಓಡಾಡುವವಳಿಗೆ ದಿನಕ್ಕೆ ಎರಡು ಗಂಟೆ ಗಣಿತಕ್ಕೆ ಸಿಗುವುದು ಕಷ್ಟ. ಬೆಳಿಗ್ಗೆ ಬಸ್ಸಿನಲ್ಲಿ ಸೂತ್ರಗಳನ್ನು ಒಂದರಿಂದ ಒಂದು ಹೊರಡಿಸುತ್ತಾ ಹೋಗು, ಅದಕ್ಕೆ ಪುಸ್ತಕ ಬೇಡ. ರಾತ್ರಿ ಊಟಕ್ಕೆ ಮುಂಚೆ ಒಂದು ಗಂಟೆ ಕೂತು ಐದಾರು ಲೆಕ್ಕ ಬರೆ. ನಿಮ್ಮಮ್ಮನಿಗೆ ಆ ಹೊತ್ತಿನಲ್ಲಿ ನಿನ್ನನ್ನು ಕರೆಯಬೇಡ ಎಂದು ನಾನೇ ಫೋನ್ ಮಾಡಿ ಹೇಳುತ್ತೇನೆ. ಭಾನುವಾರ ಬಂದಾಗ ಮೇಲೆ ಹೇಳಿದ ನಾಲ್ಕು ಬಿಂದುಗಳ ಸಾಧನೆಯನ್ನು ನೋಡದೆ ಬರೆದುಕೊಂಡು ಬಾ. ಎಲ್ಲಿ ನಿಂತಿತೋ ಅಲ್ಲಿಂದ ಕೂತು ನೋಡೋಣ.

ಇಂತಿ,
ನಿನ್ನ ದೊಡ್ಡಪ್ಪ