ಅದರಲ್ಲೇನಿದೆ ಅಂದವರಿಗೆ

ಕ್ಯಾನ್ಸರಿಗೆ ಕೊಡುತ್ತಿದ್ದ ಕಿಮೋ ಮುಗಿಯಿತು. ಸ್ಕ್ಯಾನ್ ರಿಪೋರ್ಟ್ ನೋಡಿದ ಡಾಕ್ಟರು "ಸದ್ಯಕ್ಕೆ ಆರಾಮಾಗಿರಿ, ಮೂರು ತಿಂಗಳು ಬಿಟ್ಟು ಬನ್ನಿ" ಅಂದಿದ್ದಾರೆ. ಅವರಿಗೆ ಎದುರಿಗೇ ಕೈ ಮುಗಿದು ಬಂದೆ. ಈ ಬರಹ ಬೇರೆಯವರಿಗೆ. ಥ್ಯಾಂಕ್ಸ್ ಹೇಳಲು ಹೋದಾಗಲೆಲ್ಲ "ಅಯ್ಯೋ, ಅದರಲ್ಲೇನಿದೆ ಬಿಡಿ" ಅಂತ ನನ್ನ ಬಾಯಿ ಮುಚ್ಚಿಸಿದವರಿಗೆ.

ಮೊದಲು ವಾರ್ಡಿನ ಆ ಸಿಸ್ಟರ್. ಕಿಮೋ ತಗೊಳ್ಳುತ್ತಾ ಹೋದ ಹಾಗೆ ಕೈಯ ನರಗಳು ಸೋಲುತ್ತವೆ, ಸೂಜಿಗೆ ಸಿಗುವುದೇ ಇಲ್ಲ. ಒಂದು ಸಲ ಎಲ್ಲಿ ಚುಚ್ಚಿದರೂ ಆಗಲಿಲ್ಲ. ನನಗೆ ಅಳು ಬಂತು. ಅವರು ಸೂಜಿ ಬದಿಗಿಟ್ಟು, ಟವೆಲ್ಲನ್ನು ಬಿಸಿನೀರಲ್ಲಿ ಅದ್ದಿ ಹಿಂಡಿ, ಬೆರಳಿಂದ ಮೊಣಕೈವರೆಗೂ ಸುತ್ತಿದರು. ಬಿಸಿ ತಾಗಿದರೆ ನರ ಹಿಗ್ಗಿ ಮೇಲೆ ಬರುತ್ತದೆ. ಅವರಿಗೆ ಇದು ದಿನನಿತ್ಯದ ಕೆಲಸ, ಒಪ್ಪುತ್ತೇನೆ. ಆದರೆ ಹೊರಗೆ ಇನ್ನೂ ಎಷ್ಟೋ ಜನ ಕಾಯುತ್ತಿದ್ದರು. ಆದರೂ ಪಕ್ಕದಲ್ಲೇ ನಿಂತು, ಮಗ ಹೋಂವರ್ಕ್ ತಪ್ಪಿಸಲು ಹೂಡುವ ಆಟಗಳನ್ನೆಲ್ಲ ಹೇಳಿ ನಗಿಸಿದರು. ಆಮೇಲೆ ಒಂದೇ ಸಲಕ್ಕೆ ನರ ಸಿಕ್ಕಿತು.

ಮೇಲಿನ ಮನೆಯ ಅಕ್ಕ, ನಿಮ್ಮ ಚಮಚದ ವಿಷಯ. ಆಗ ಬಾಯಲ್ಲಿ ಸದಾ ಕಬ್ಬಿಣದ ರುಚಿ, ಸ್ಟೀಲ್ ಚಮಚ ಇಟ್ಟರಂತೂ ಇನ್ನೂ ಜಾಸ್ತಿ. ಯಾವುದೋ ಮಾತಿನ ಮಧ್ಯೆ ಸುಮ್ನೆ ಹೇಳಿದ್ದೆ. ಮರುದಿನ ನೀವು ಮರದ ಚಮಚ ತಂದುಕೊಟ್ಟು ಹೋದಿರಿ. ಅವತ್ತು ಹೊಟ್ಟೆ ತುಂಬ ಉಂಡೆ.

ಒಬ್ಬ ಗೆಳೆಯ ನೋಡಲು ಬಂದವನು ಒಳಗೇ ಬರಲಿಲ್ಲ. "ಯಾಕೋ ಗಂಟಲು ಕೆರೀತಿದೆ ಕಣೋ" ಅಂತ ಗೇಟಿನಾಚೆಯಿಂದಲೇ ಕೈ ಬೀಸಿ ವಾಪಸ್ ಹೋದ. ಕಿಮೋ ಕೊಟ್ಟ 7ರಿಂದ 14 ದಿನದ ಹೊತ್ತಿಗೆ ಸಾಮಾನ್ಯವಾಗಿ ಸೋಂಕು ತಡೆಯುವ ಬಿಳಿ ರಕ್ತಕಣಗಳು ತೀರಾ ಇಳಿದಿರುತ್ತವೆ. ಬೇರೆಯವರ ಸಣ್ಣ ನೆಗಡಿ ನಮ್ಮನ್ನು ಆಸ್ಪತ್ರೆಗೆ ಸೇರಿಸಬಹುದು. ಅಷ್ಟು ದೂರ ಬಂದು ಹಾಗೇ ತಿರುಗಿ ಹೋಗುವುದು ಸುಲಭ ಅಲ್ಲ, ಅಲ್ವಾ?

"ಏನಾದರೂ ಬೇಕಿದ್ದರೆ ಹೇಳಿ" ಅಂದವರೂ ಬಹಳ. ಪ್ರೀತಿಯಿಂದಲೇ ಅಂದಿರಿ, ಗೊತ್ತು. ಆದರೆ ಆ ಸುಸ್ತಿನಲ್ಲಿ ಏನು ಬೇಕು ಅಂತ ಯೋಚಿಸುವುದೂ ಒಂದು ಕೆಲಸವೇ. "ನಾಳೆ ಹತ್ತು ಗಂಟೆಗೆ ಕಾರ್ ತರ್ತೀನಿ, ರೆಡಿ ಇರಿ" ಅಂದವರ ಮಾತು ಹೆಚ್ಚು ನೆನಪಿದೆ.

ಹೀಗೆ ಮಾಡುವವರಿಗೆ ಅದರ ತೂಕ ಗೊತ್ತಾಗುವುದಿಲ್ಲವಂತೆ. ಅಮಿತ್ ಕುಮಾರ್ ಮತ್ತು ನಿಕೋಲಸ್ ಎಪ್ಲಿ ಎಂಬ ಸಂಶೋಧಕರು 2022ರಲ್ಲಿ ಇದರ ಬಗ್ಗೆ ಬರೆದಿದ್ದಾರೆ. ಚಿಕಾಗೋದ ಚಳಿಯಲ್ಲಿ ಅಪರಿಚಿತರಿಗೆ ಬಿಸಿ ಹಾಟ್ ಚಾಕೊಲೇಟ್ ಕೊಟ್ಟ ಜನರನ್ನೂ ತೆಗೆದುಕೊಂಡವರನ್ನೂ ಅವರು ಕೇಳಿ ನೋಡಿದರು. ಕೊಟ್ಟವರು ಅಂದುಕೊಂಡಿದ್ದಕ್ಕಿಂತ ತೆಗೆದುಕೊಂಡವರಿಗೆ ಅದು ದೊಡ್ಡದಾಗಿ ಕಂಡಿತ್ತು. ನನಗೇನೂ ಆಶ್ಚರ್ಯ ಆಗಲಿಲ್ಲ. ಇನ್ನು ಮೇಲೆ "ಅದರಲ್ಲೇನಿದೆ" ಅಂದರೆ ನಾನು ವಾದಕ್ಕೇ ನಿಲ್ಲುತ್ತೇನೆ.

ಸುಸ್ತು ಇನ್ನೂ ಸ್ವಲ್ಪ ದಿನ ಇರುತ್ತದಂತೆ. ಮಧ್ಯಾಹ್ನ ಫೋನ್ ಎತ್ತದಿದ್ದರೆ ಬೇಜಾರು ಮಾಡ್ಕೋಬೇಡಿ. ಎದ್ದ ಮೇಲೆ ನಾನೇ ಮಾಡುತ್ತೇನೆ.