ಅಳಿವೆಯ ಪ್ರಾಣಿಪ್ಲವಕಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ

ಮಾನ್ಯರೇ,

ಶರಾವತಿ, ಅಘನಾಶಿನಿ ನದಿಗಳ ಯೋಜನೆಗಳ ಚರ್ಚೆಯಲ್ಲಿ ಕಾಡು ಮತ್ತು ಸಿಂಗಳೀಕಗಳ ಮಾತು ಬರುತ್ತದೆ, ಬರಲೇಬೇಕು. ಆದರೆ ನದಿ ಕಡಲು ಸೇರುವ ಅಳಿವೆಯ ನೀರಿನಲ್ಲಿ ತೇಲುವ ಪುಟ್ಟ ಜೀವಿಗಳಾದ ಪ್ರಾಣಿಪ್ಲವಕಗಳ ಮಾತೆತ್ತುವವರು ಕಡಿಮೆ. ಮೀನುಮರಿಗಳಿಗೆ ಮೊದಲ ಆಹಾರ ಅವೇ. ಬಳಚು, ಏಡಿ, ಸೀಗಡಿಗಳ ಮರಿಗಳೂ ಆರಂಭದ ಕೆಲವು ವಾರ ಪ್ಲವಕಗಳಾಗಿಯೇ ಬದುಕುತ್ತವೆ.

ಮಳೆಗಾಲದ ನೆರೆ ಇವಕ್ಕೆ ಹೊಸದಲ್ಲ. ಸಿಹಿನೀರು ನುಗ್ಗಿದಾಗ ಉಪ್ಪುನೀರಿನ ಕೋಪೆಪಾಡ್‌ಗಳು (ಸೀಗಡಿಯ ಬಳಗದ ಪುಟ್ಟ ಪ್ಲವಕಗಳು) ಕಡಲಿಗೆ ಕೊಚ್ಚಿಹೋಗಿ, ಆ ಜಾಗಕ್ಕೆ ಸಿಹಿನೀರಿನ ಪ್ಲವಕಗಳಾದ ರೋಟಿಫರ್, ಕ್ಲಾಡೊಸೆರಾಗಳು ಬರುತ್ತವೆ. ಮಳೆ ಹಿಂದೆ ಸರಿದು ಉಪ್ಪು ಮೇಲೇರಿದಂತೆ ಕೋಪೆಪಾಡ್‌ಗಳು ಮರಳುತ್ತವೆ.

ಕೆಡುಕಿರುವುದು ಕಾಲ ತಪ್ಪಿದ ಹರಿವಿನಲ್ಲಿ. ಶರಾವತಿಯಲ್ಲಿ ವಿದ್ಯುತ್ ತಯಾರಿಸಿ ಬಿಟ್ಟ ನೀರು ಬೇಸಿಗೆಯಲ್ಲೂ ಇಳಿದುಬರುವುದರಿಂದ ಉಪ್ಪಿನಂಶ ಏರಬೇಕಾದಷ್ಟು ಏರುವುದಿಲ್ಲ. ಕೋಪೆಪಾಡ್ ಮೊಟ್ಟೆಯೊಡೆದು ಬಂದ ಮೇಲೆ 11 ಸಲ ಪೊರೆ ಕಳಚಿ ಬಲಿಯಬೇಕು. ನಮ್ಮ ಬೆಚ್ಚನೆಯ ನೀರಿನಲ್ಲಿ ಅದಕ್ಕೆ ಸುಮಾರು ಎರಡು ವಾರ ಹಿಡಿಯುತ್ತದೆ. ಅಷ್ಟರೊಳಗೆ ಅಳಿವೆಯ ನೀರೆಲ್ಲ ಕಡಲಿಗೆ ತಳ್ಳಿಹೋದರೆ ಸಂತತಿ ಮುಂದುವರಿಯುವುದಿಲ್ಲ. ಪಕ್ಕದ ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಅದರ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್‌ಸರ್ ಪಟ್ಟಿ ಸೇರಿತು. ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆಯ ಜೋಡಿ ಸಿಗದು.

ಆದರೆ ಅಧ್ಯಯನಕ್ಕೆಂದು ಒಂದು ದಿನ ಬಂದು ಬಲೆ ಎಳೆದು ವರದಿ ಬರೆದರೆ ಪ್ರಯೋಜನವಿಲ್ಲ. ರೂಢಿಯ 200 ಮೈಕ್ರಾನ್ (ಮಿಲಿಮೀಟರಿನ ಐದನೇ ಒಂದು ಭಾಗ) ಬಲೆಯ ಕಣ್ಣಿನಿಂದ ರೋಟಿಫರ್‌ಗಳೂ ಕೋಪೆಪಾಡ್‌ನ ಎಳೆಮರಿಗಳೂ ನುಸುಳಿಹೋಗುತ್ತವೆ. ಹಾಗಾಗಿ 60 ಮೈಕ್ರಾನ್ ಬಲೆಯೂ ಬೇಕು. 50 ಸೆಂಟಿಮೀಟರ್ ಅಗಲದ ದುಂಡು ಬಾಯಿಯ ಬಲೆಯನ್ನು 100 ಮೀಟರ್ ಎಳೆದರೆ ಸುಮಾರು 20 ಘನ ಮೀಟರ್ ನೀರು ಸೋಸಬೇಕು. ನೆರೆಯ ಕೆಸರಿಗೆ ಬಲೆ ಕಟ್ಟಿಕೊಂಡರೆ ನೀರು ಒಳಹೋಗದೆ ಬಾಯಿಯಲ್ಲೇ ತಿರುಗಿ ಹೊರಬೀಳುತ್ತದೆ. ಆಗಲೂ ಸಿಕ್ಕ ಜೀವಿಗಳ ಎಣಿಕೆಯನ್ನು 20ರಿಂದಲೇ ಭಾಗಿಸಿದರೆ ಜೀವಿಗಳು ಇರುವುದಕ್ಕಿಂತ ಕಡಿಮೆ ಎಂಬ ಸುಳ್ಳು ಲೆಕ್ಕ ಸಿಗುತ್ತದೆ. ಒಳಹೋದ ನೀರನ್ನು ಅಳೆಯಲು ಬಲೆಯ ಬಾಯಿಗೆ ಹರಿವಿನ ಮೀಟರ್ ಕಟ್ಟಬೇಕು. ಕೆಸರು ಹೆಚ್ಚಿದ್ದರೆ ಪಂಪಿನಿಂದ 50 ಲೀಟರ್ ಅಳೆದು ಸೋಸುವುದೇ ಮೇಲು. ಸಿಹಿನೀರಿನಡಿ ಉಪ್ಪುನೀರು ನಾಲಿಗೆಯಂತೆ ಚಾಚಿರುವುದರಿಂದ ಉಪ್ಪಿನಂಶವನ್ನು ಮೇಲೂ ತಳದಲ್ಲೂ ಅಳೆಯಬೇಕು.

ಕನಿಷ್ಠ ಎರಡು ವರ್ಷ, ಪ್ರತಿ ತಿಂಗಳ ಅಮಾವಾಸ್ಯೆ (ಉಬ್ಬರ ಜೋರಾಗಿರುವಾಗ) ಮತ್ತು ಅಷ್ಟಮಿಯಂದು (ಉಬ್ಬರ ಸಣ್ಣದಾಗಿರುವಾಗ), ಉಬ್ಬರ ಇಳಿತ ಎರಡರಲ್ಲೂ ಮಾದರಿ ತೆಗೆಯಲಿ. ಅಣೆಕಟ್ಟಿನಿಂದ ಯಾವ ಗಂಟೆಗೆ ಎಷ್ಟು ನೀರು ಬಿಟ್ಟರೆಂಬ ಪಟ್ಟಿಯನ್ನೂ ಅದರ ಜೊತೆಗೇ ಪ್ರಕಟಿಸಲಿ.

– ಓದುಗರು, ಹೊನ್ನಾವರ