ಬಿಸಿಯೂಟದ ಅಕ್ಕನಿಗೆ, ಮತ್ತೆ ಉಳಿದವರಿಗೂ

ನಮ್ಮ ಹೈಸ್ಕೂಲಿನ ಸಲಹಾ ಸಮಿತಿಗೆ ಒಂದು ವರ್ಷ ತುಂಬಿತು. ಎಂಟನೇ ತರಗತಿಯಿಂದಲೇ ಪ್ರತಿ ಮಗುವಿಗೂ ಒಬ್ಬ ಮಾರ್ಗದರ್ಶಿ ಇರಬೇಕು ಅಂತ ಹೊರಟಿದ್ದೆವಲ್ಲ, ಅದು ಕಾಗದದಲ್ಲೇ ಉಳಿಯಲಿಲ್ಲ. ಈ ವರ್ಷ ಒಂಬತ್ತರಲ್ಲಿ ಯಾರೂ ಶಾಲೆ ಬಿಡಲಿಲ್ಲ. ಮೊನ್ನೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಮುಂದಿನ ಮೂರು ವರ್ಷದ ಯೋಜನೆಗೂ ಸಹಿ ಬಿತ್ತು. ಧನ್ಯವಾದ ಹೇಳದೆ ಸುಮ್ನೆ ಇರೋಕೆ ಮನಸ್ಸಾಗಲಿಲ್ಲ.

ಮೊದಲು ಎಲ್ಲರಿಗೂ ಒಟ್ಟಿಗೆ ಹೇಳಿಬಿಡ್ತೀನಿ, ಬೇಜಾರು ಮಾಡ್ಕೋಬೇಡಿ. ಹೆಡ್‌ಮಾಸ್ಟರರು, ಮನೆಮನೆಗೆ ನಡೆದ ಅಕ್ಕೋರುಗಳು, ಮಾಸ್ತರುಗಳು, ಪಂಚಾಯತಿಯವರು, ಸಂಜೆ ಬಸ್ಸಿನ ಟೈಮು ಬದಲಿಸಿಕೊಟ್ಟ ಡಿಪೋದವರು, ಗೋವಾ ಮತ್ತು ಬೆಂಗಳೂರಿನಿಂದ ಭಾನುವಾರ ತಪ್ಪದೆ ಮಕ್ಕಳಿಗೆ ಫೋನ್ ಮಾಡಿದ ಹಳೆ ವಿದ್ಯಾರ್ಥಿಗಳು, ನಿಮಗೆಲ್ಲ ತುಂಬಾ ತುಂಬಾ ಧನ್ಯವಾದ. ಮನೆಯಲ್ಲಿ ಕೊಂಕಣಿ ಮಾತಾಡೋ ಮಕ್ಕಳ ಹತ್ತಿರ ಕೊಂಕಣಿಯಲ್ಲೇ ಮಾತಾಡಿ ಅವರ ಬಾಯಿ ಬಿಡಿಸಿದ ಇಬ್ಬರು ಕಾಲೇಜು ಹುಡುಗಿಯರಿಗೆ ಒಂದು ಹಿಡಿ ಜಾಸ್ತಿ.

ಇನ್ನು ಅಕ್ಕ. ನಮ್ಮ ಬಿಸಿಯೂಟದ ಅಕ್ಕ. ಹೆಸರು ಹಾಕಬೇಡ ಅಂದಿದ್ದಾರೆ, ಹಾಕಲ್ಲ. ಊರಿನವರಿಗೆ ಹೆಸರು ಬೇಕಾಗಿಯೂ ಇಲ್ಲ.

ಆಗಸ್ಟ್ ಮೊದಲ ವಾರದ ಆ ರಾತ್ರಿ ನಮ್ಮ ಶಾಲೆಯ ಹುಡುಗನೊಬ್ಬ ಕಾಣೆಯಾಗಿದ್ದು ನಿಮಗೆಲ್ಲ ಗೊತ್ತು. ಹುಡುಗ ಯಾರು, ಯಾಕೆ ಹೋದ ಅನ್ನೋದನ್ನ ಇಲ್ಲಿ ಮತ್ತೆ ಎತ್ತೋದಿಲ್ಲ, ಅವನು ಈಗ ದಿನಾ ಶಾಲೆಗೆ ಬರ್ತಿದ್ದಾನೆ, ಅಷ್ಟು ಸಾಕು. ಆದರೆ ಆ ಹೊತ್ತಿಗೆ ಜಗುಲಿಯಲ್ಲಿ ನಿಂತವರಿಗಷ್ಟೇ ಗೊತ್ತಿರೋದು ಒಂದಿದೆ. ಮಳೆ ಹೊಡೀತಾ ಇತ್ತು, ಕರೆಂಟ್ ಇರಲಿಲ್ಲ. ಹತ್ತು ಗಂಟೆವರೆಗೆ ಜನ ತುಂಬಿದ್ದರು. ಆಮೇಲೆ ಒಬ್ಬೊಬ್ಬರೇ ಮನೆಗೆ ಹೋದರು, ತಪ್ಪಲ್ಲ ಬಿಡಿ, ಎಲ್ಲರಿಗೂ ಬೆಳಗಾದರೆ ಕೆಲಸ. ಹೋಗುವಾಗ ಯಾರೋ ಒಬ್ಬರು, ಈ ಮೀಟಿಂಗು, ಮಾರ್ಗದರ್ಶನ ಎಲ್ಲ ಯಾರಿಗೆ ಬೇಕಿತ್ತು, ಹುಡುಗನ ತಲೆ ಕೆಡಿಸಿದ್ದೇ ಇವರು ಅಂದರು. ನನಗೆ ಕೇಳಿಸಲಿ ಅಂತಲೇ ಅಂದರು.

ಅಕ್ಕ ಹೋಗಲಿಲ್ಲ. ಹುಡುಗನ ಅಮ್ಮನ ಪಕ್ಕ ಕೂತಿದ್ದವರು ಎದ್ದು ಒಳಗೆ ಹೋಗಿ ಒಲೆ ಹಚ್ಚಿದರು. ಗಂಜಿ ಬೇಯಿಸಿ, ಉಪ್ಪು ಹಾಕಿ, ಆ ಅಮ್ಮನ ಕೈಗೆ ಬಟ್ಟಲು ಕೊಟ್ಟು, ಅವಳು ಬೇಡ ಅಂದಾಗ ಬೈದು ಕುಡಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ತಮ್ಮಾ, ಬೋಟು ಸಮುದ್ರಕ್ಕೆ ಇಳಿಯೋ ಕಾಲ ಇದು. ಹುಡುಗ ಕಾಡಿಗೆ ಯಾಕೆ ಹೋಗ್ತಾನೆ? ಬಂದರು ನೋಡು" ಅಂದರು. ನಾವು ಅಲ್ಲಿವರೆಗೆ ರೈಲ್ವೆ ಸ್ಟೇಷನ್ನು, ಹೈವೇ, ಕಾಡು ಅಂತ ಒದ್ದಾಡ್ತಾ ಇದ್ದೆವು. ಅಕ್ಕನ ತಮ್ಮ ಒಂದು ಬೋಟಿನ ತಾಂಡೇಲ, ಅಂದರೆ ಬೋಟು ನಡೆಸೋ ಮುಖ್ಯಸ್ಥ. ಅಕ್ಕ ಅವನಿಗೆ ಫೋನ್ ಹಚ್ಚಿ, ಅವನು ಇನ್ನೊಬ್ಬನಿಗೆ, ಅವನು ಮತ್ತೊಬ್ಬನಿಗೆ, ಹೀಗೆ ಹೋಗಿ ಹೋಗಿ ನಸುಕಿನಲ್ಲಿ ಕಾರವಾರದ ಬೈತಖೋಲ ಬಂದರಿನಿಂದ ಉತ್ತರ ಬಂತು. ಬಲೆಯ ರಾಶಿ ಪಕ್ಕ ಮಲಗಿದ್ದಾನೆ, ಎಬ್ಬಿಸಿಲ್ಲ, ಕಾಯ್ತಾ ಇದ್ದೀವಿ ಅಂತ.

ಆ ನಡುವಿನ ಹೊತ್ತು ನನಗೆ ಹೇಗೆ ಕಳೀತು ಅಂತ ಬರೆಯೋಕೆ ಇವತ್ತಿಗೂ ಕಷ್ಟ. ಹೊರಗೆ ಸಮುದ್ರದ ಸದ್ದು ಬಿಟ್ಟರೆ ಏನೂ ಕೇಳಿಸ್ತಾ ಇರಲಿಲ್ಲ, ಆ ಸದ್ದೇ ನನಗೆ ಬೇಡವಾಗಿತ್ತು. ನನ್ನ ಮಗನೂ ಅದೇ ಕ್ಲಾಸು. ಕೈ ನಡುಗ್ತಾ ಇತ್ತು. ಎಲ್ಲಾ ಬಿಟ್ಟುಬಿಡ್ತೀನಿ ಅಕ್ಕಾ, ನಮ್ಮ ಕೈಲಾಗೋ ಕೆಲಸ ಅಲ್ಲ ಇದು ಅಂದೆ. ಅಕ್ಕ ಸಮಾಧಾನ ಏನೂ ಹೇಳಲಿಲ್ಲ. "ಬಿಡೋದಾದ್ರೆ ನಾಳೆ ಬಿಡು. ಈಗ ಟಾರ್ಚ್ ಹಿಡಿ, ಒಲೆ ಮುಂದೆ ಕತ್ತಲೆ" ಅಂದರು. ಹಿಡಿದೆ.

ಮುಂದಿನ ಸಭೆಗೆ ಅಕ್ಕನನ್ನೂ ಕರೆದೆವು. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಶಾಲೆಯ ಸಮಿತಿಗೆ ಮುಕ್ಕಾಲು ಭಾಗ ಪಾಲಕರು, ಒಟ್ಟಿನಲ್ಲಿ ಅರ್ಧದಷ್ಟು ಹೆಂಗಸರು ಇರಬೇಕು ಅಂತಿದೆ. ಅಡುಗೆಯವರ ಮಾತು ಎಲ್ಲೂ ಇಲ್ಲ. ಎಲ್ಲಾ ಮಕ್ಕಳನ್ನೂ ದಿನಾ ಒಂದೇ ಹೊತ್ತಿಗೆ ಕಣ್ಣಾರೆ ನೋಡೋದು ಶಾಲೆಯಲ್ಲಿ ಅವರೊಬ್ಬರೇ ಅಲ್ವಾ? ಬೆಂಚಿನ ತುದಿಯಲ್ಲಿ, ಒದ್ದೆ ಕೈ ಸೆರಗಿಗೆ ಒರೆಸುತ್ತಾ ಕೂತಿದ್ದರು. ಎಲ್ಲರೂ ಹಾಜರಿ, ಮಾರ್ಕ್ಸು, ಕಿರುಪರೀಕ್ಷೆ ಅಂತ ಮಾತಾಡಿ ಮುಗಿಸಿದ ಮೇಲೆ ಅಕ್ಕ ಅಂದಿದ್ದು ಇಷ್ಟೇ: "ದಿನಾ ಎರಡನೇ ಸಲ ಸಾರು ಹಾಕಿಸ್ಕೊಳ್ಳೋ ಹುಡುಗ ಮೂರು ದಿನ ಬೇಡ ಅಂದ. ನಾನು ಯಾರಿಗೆ ಹೇಳಬೇಕಿತ್ತು?"

ಯಾರ ಹತ್ತಿರವೂ ಉತ್ತರ ಇರಲಿಲ್ಲ. ನಮ್ಮ ಯೋಜನೆ ಅಲ್ಲಿಂದಲೇ ಬದಲಾಯ್ತು. ಈಗ ಪ್ರತಿ ಶುಕ್ರವಾರ ಮಧ್ಯಾಹ್ನ ಒಬ್ಬ ಶಿಕ್ಷಕರು ಅಡುಗೆಮನೆಗೆ ಹೋಗಿ ಅಕ್ಕನ ಹತ್ತಿರ ಕೇಳ್ತಾರೆ, ಯಾರು ಊಟ ಬಿಟ್ಟರು, ಯಾರು ಒಬ್ಬರೇ ಕೂತು ಉಣ್ಣುತ್ತಿದ್ದಾರೆ ಅಂತ. ಆ ಮಕ್ಕಳ ಮಾರ್ಗದರ್ಶಿಗೆ ಅವತ್ತೇ ಫೋನ್ ಹೋಗುತ್ತೆ.

ಮನೆ ಭೇಟಿಯ ಲೆಕ್ಕವನ್ನೂ ಅಕ್ಕನೇ ತಿದ್ದಿದರು. ಹತ್ತನೇ ತರಗತಿಯವರನ್ನ ದತ್ತು ತಗೊಂಡು ಬೆಳಗಿನ ಜಾವ ಫೋನ್ ಮಾಡಿ ಎಬ್ಬಿಸೋದು ನಮ್ಮ ಶಾಲೆಗಳಲ್ಲಿ ಹಳೇ ರೂಢಿ, ಒಳ್ಳೇದೇ. ಆದರೆ ನಮ್ಮ ಕಡೆ ಹುಡುಗರು ಕೈತಪ್ಪೋದು ಹತ್ತರಲ್ಲಲ್ಲ, ಒಂಬತ್ತರಲ್ಲಿ. ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರೆಗೆ ಮಾತ್ರ, ಒಂಬತ್ತಕ್ಕೆ ಬರೋ ಹೊತ್ತಿಗೆ ಹುಡುಗ ಅದರ ಆಚೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧ, ಆಗಸ್ಟ್ ಬಂದ ಕೂಡಲೇ ಬೋಟಿಗೆ ಕೈ ಬೇಕು, ಕೈಗೆ ದುಡ್ಡೂ ಸಿಗುತ್ತೆ. "ಅಪ್ಪಂದಿರು ಮನೇಲಿರೋದು ಆ ಎರಡು ತಿಂಗಳು. ನೀವು ದೀಪಾವಳಿಗೆ ಹೋದರೆ ಯಾರು ಸಿಗ್ತಾರೆ?" ಅಂದರು ಅಕ್ಕ. ಇನ್ನು ಮೇಲೆ ಎಲ್ಲಾ ಭೇಟಿಯೂ ಜೂನ್-ಜುಲೈನಲ್ಲೇ. ಪಾಲಕರ ಸಭೆಯೂ ಬೆಳಿಗ್ಗೆ ಇಲ್ಲ, ಅಮ್ಮಂದಿರು ಮೀನು ಮಾರಿ ಬಂದ ಮೇಲೆ ಸಂಜೆ ನಾಲ್ಕಕ್ಕೆ.

ಮಾರ್ಗದರ್ಶಿಗಳಿಗೆ ನಿಯಮ ಮೊದಲಿನವೇ. ಮೊದಲ ತಿಂಗಳು ಮಾರ್ಕ್ಸಿನ ಸುದ್ದಿ ಎತ್ತಬಾರದು. ಮಗುವಿನ ಜೊತೆ ಮಾತಾಡೋದು ಜಗುಲಿಯಲ್ಲಿ, ನಾಲ್ಕು ಜನಕ್ಕೆ ಕಾಣೋ ಹಾಗೆ. ಮನೆಗೆ ಒಬ್ಬರೇ ಹೋಗಬಾರದು. 1098 ಮಕ್ಕಳ ಸಹಾಯವಾಣಿ ನಂಬರು ಗೋಡೆ ಮೇಲೆ ದೊಡ್ಡದಾಗಿ ಬರೆಸಿದ್ದೀವಿ, ಅದನ್ನ ಮಕ್ಕಳಿಗೆ ಬಾಯಿಪಾಠ ಮಾಡಿಸಿ.

ಆ ರಾತ್ರಿ ಮಾತು ಆಡಿದವರ ಮೇಲೆ ನನಗೆ ತುಂಬಾ ದಿನ ಸಿಟ್ಟಿತ್ತು. ಈಗ ಅವರೇ ಇಬ್ಬರು ಮಕ್ಕಳಿಗೆ ಮಾರ್ಗದರ್ಶಿ. ಚೆನ್ನಾಗೇ ಮಾಡ್ತಾರೆ, ಒಪ್ಕೋಬೇಕು.

ಹೊಸದಾಗಿ ಎಂಟಕ್ಕೆ ಬರೋ ಮಕ್ಕಳಿಗೆ ಇನ್ನೂ ಕೆಲವರು ಬೇಕು. ಹೊರಗೆ ಇರೋರು ಚೌತಿಗೆ ಊರಿಗೆ ಬಂದೇ ಬರ್ತೀರಿ, ಒಂದು ದಿನ ಶಾಲೆ ಕಡೆಗೂ ಬನ್ನಿ. ಇದನ್ನ ಬರೆಯೋ ಮೊದಲು ನಿಮ್ಮ ಬಗ್ಗೆ ಏನು ಬರೀಲಿ ಅಂತ ಅಕ್ಕನನ್ನ ಕೇಳಿದ್ದೆ. "ನನ್ನ ಬಗ್ಗೆ ಎಂಥ ಬರೀತೀಯಾ, ದೊಡ್ಡ ಕುಕ್ಕರಿನ ರಬ್ಬರ್ ಹೋಗಿದೆ, ಅದನ್ನ ಬರಿ" ಅಂದರು. ಬರೆದಿದ್ದೀನಿ. ಯಾರಾದರೂ ಕಾರವಾರ ಪೇಟೆಗೆ ಹೋದರೆ ತನ್ನಿ, ದುಡ್ಡು ನಾನು ಕೊಡ್ತೀನಿ.